249 ರೂಪಾಯಿಯ ಟಿಡಿಎಸ್ ಪೆನ್ನು: ಒಂದು ವರ್ಷ ಬ್ಯಾಗಿನಲ್ಲಿಟ್ಟುಕೊಂಡು ತಿರುಗಿದ ಮೇಲೆ

ನಮ್ಮ ಲ್ಯಾಬಿನಲ್ಲಿ ದ್ರಾವಣಗಳ ವಿದ್ಯುತ್ ವಾಹಕತೆ ಅಳೆಯೋಕೆ ಒಂದು ಮೀಟರ್ ಇದೆ. ಬೆಲೆ ಒಂದೂವರೆ ಲಕ್ಷದ ಹತ್ತಿರ. ಅದನ್ನು ಮುಟ್ಟಬೇಕಾದರೆ ವಿದ್ಯಾರ್ಥಿಗಳು ರಿಜಿಸ್ಟರಿನಲ್ಲಿ ಹೆಸರು ಬರೆಯಬೇಕು. ಅದೇ ಕೆಲಸ ನಾನೂ ಮಾಡ್ತೀನಿ ಅನ್ನುವ ಈ ಹಳದಿ ಪೆನ್ನಿಗೆ ಆನ್‌ಲೈನಿನಲ್ಲಿ 249 ರೂಪಾಯಿ. ನೋಡೋಕೆ ಜ್ವರ ನೋಡುವ ಥರ್ಮಾಮೀಟರ್ ಹಾಗೆ. ತಲೆಯಲ್ಲಿ ಮೂರು ಅಂಕಿಯ ಪರದೆ, ಬುಡದಲ್ಲಿ ಎರಡು ಪುಟಾಣಿ ಲೋಹದ ಕಡ್ಡಿ, ಮೇಲೊಂದು ಮುಚ್ಚಳ. ನೀರಿಗೆ ಅದ್ದಿದರೆ ಟಿಡಿಎಸ್ ಹೇಳುತ್ತೆ. ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಒಟ್ಟು ಪದಾರ್ಥ, ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ.

ನಾನು ಬ್ಯಾಟರಿಯೊಳಗಿನ ದ್ರಾವಣಗಳ ಮೇಲೆ ಕೆಲಸ ಮಾಡುವವಳು. ಉಪ್ಪು ಕರಗಿದ ದ್ರವದಲ್ಲಿ ಕರೆಂಟ್ ಹೇಗೆ ಹರಿಯುತ್ತೆ ಅನ್ನೋದೇ ಇಪ್ಪತ್ತಾರು ವರ್ಷದಿಂದ ನನ್ನ ಹೊಟ್ಟೆಪಾಡು. ಆದರೂ ಇಂಥ ಪೆನ್ನು ಕೊಳ್ಳಬೇಕು ಅಂತ ಯಾವತ್ತೂ ಅನ್ನಿಸಿರಲಿಲ್ಲ. ಕೊಳ್ಳುವ ಹಾಗೆ ಮಾಡಿದ್ದು ಒಬ್ಬ ಹುಡುಗ.

ಕಳೆದ ವರ್ಷ ಒಂದು ಶನಿವಾರ ನೀರು ಶುದ್ಧ ಮಾಡುವ ಮಷೀನ್ ಮಾರೋಕೆ ಮನೆಗೆ ಬಂದಿದ್ದ. ಯಾವ ಕಂಪನಿ ಅನ್ನೋದು ಬೇಡ. ಅಡುಗೆಮನೆ ಕಟ್ಟೆ ಮೇಲೆ ಎರಡು ಗಾಜಿನ ಲೋಟ ಇಟ್ಟ. ಒಂದರಲ್ಲಿ ನಮ್ಮ ನಲ್ಲಿಯ ಕಾವೇರಿ ನೀರು, ಇನ್ನೊಂದರಲ್ಲಿ ಅವನು ತಂದಿದ್ದ ಆರ್‌ಒ ನೀರು, ಅಂದರೆ ಉಪ್ಪು ತಡೆಯುವ ಪೊರೆಯಲ್ಲಿ ಸೋಸಿದ್ದು. ನಾಲ್ಕು ಲೋಹದ ಕಡ್ಡಿ ಇರುವ ಒಂದು ಡಬ್ಬಿಯನ್ನು ಎರಡೂ ಲೋಟಕ್ಕೆ ಇಳಿಬಿಟ್ಟು ಪ್ಲಗ್ ಹಾಕಿದ. ಎರಡು ನಿಮಿಷ. ನಮ್ಮ ಲೋಟ ಚರಂಡಿ ಬಣ್ಣಕ್ಕೆ ತಿರುಗಿತು, ಮೇಲೆ ಕೆನೆ ಬೇರೆ. ಅವನ ಲೋಟ ಇದ್ದ ಹಾಗೇ ಇತ್ತು.

ಅತ್ತೆ ಕೈ ಬಾಯಿಗೆ ಹೋಯಿತು. "ಅಯ್ಯೋ ರಾಮ, ಇಷ್ಟು ವರ್ಷ ಇದನ್ನೇ ಕುಡಿದ್ವೇನೇ?"

ನಾನು ಉಪ್ಪಿನ ಡಬ್ಬಿ ತಂದೆ. "ನಿನ್ನ ನೀರಿಗೆ ಒಂದು ಚಿಟಿಕೆ ಇದನ್ನ ಹಾಕಪ್ಪ. ಈಗ ಸ್ವಿಚ್ ಹಾಕು."

"ಮೇಡಂ, ಅದು ಹಾಗೆ ಮಾಡೋ ಹಾಗಿಲ್ಲ..."

"ಪರವಾಗಿಲ್ಲ, ಹಾಕು."

ಅವನ ಲೋಟ ನಮ್ಮದಕ್ಕಿಂತ ಬೇಗ ಕೆಟ್ಟಿತು. ಆ ಕಂದು ಬಣ್ಣ ನೀರಿನಲ್ಲಿದ್ದ ಕೊಳೆ ಅಲ್ಲ, ಅವನ ಕಡ್ಡಿಯಿಂದ ಬಿಟ್ಟುಕೊಂಡ ಕಬ್ಬಿಣ. ನೀರಿನಲ್ಲಿ ಉಪ್ಪಿನ ಅಂಶ ಇದ್ದರೆ ಕರೆಂಟ್ ಹರಿಯುತ್ತೆ, ಕರೆಂಟ್ ಹರಿದರೆ ಕಬ್ಬಿಣ ಕರಗುತ್ತೆ, ಕರಗಿದ್ದು ತುಕ್ಕಾಗಿ ತೇಲುತ್ತೆ. ಆರ್‌ಒ ನೀರಿನಲ್ಲಿ ಉಪ್ಪು ತೀರಾ ಕಡಿಮೆ, ಹಾಗಾಗಿ ಕಣ್ಣಿಗೆ ಕಾಣುವಂಥದ್ದು ಏನೂ ನಡೆಯಲ್ಲ. ಅಷ್ಟೇ ಆಟ.

ಏನು ಓದಿದ್ದೀಯ ಅಂತ ಕೇಳಿದೆ. "ಬಿಎಸ್ಸಿ ಮೇಡಂ. ಕೆಮಿಸ್ಟ್ರಿ ಇತ್ತು." ಹಾಗಾದರೆ ಇದೇನು ಅಂತ ಗೊತ್ತಿಲ್ವಾ? ಅವನು ತಲೆ ತಗ್ಗಿಸಿ ಕಡ್ಡಿ ಒರೆಸುತ್ತಾ ಹೇಳಿದ: "ಗೊತ್ತು ಮೇಡಂ. ತಿಂಗಳಿಗೆ ಹನ್ನೆರಡು ಮಷೀನ್ ಟಾರ್ಗೆಟ್." ತಾಲ್ಲೂಕು ಕಾಲೇಜಿನಲ್ಲಿ ಕೂತು, ಕರೆಂಟ್ ಹರಿದರೆ ಎಷ್ಟು ಲೋಹ ಕರಗುತ್ತೆ ಅಂತ ಹೇಳುವ ಫ್ಯಾರಡೆಯ ನಿಯಮ ಓದಿದ ಹುಡುಗ, ಅದೇ ನಿಯಮ ಹಿಡಿದು ವಯಸ್ಸಾದವರನ್ನು ಹೆದರಿಸಿ ಸಂಬಳ ತಗೋಬೇಕು. ಬೈಯೋಣ ಅಂತ ತೆರೆದ ಬಾಯಿ ಮುಚ್ಚಿಕೊಂಡು ಕಾಫಿ ಕೊಟ್ಟೆ. ಹೊರಡುವಾಗ ಅಂಗಿ ಜೇಬಿನಿಂದ ಇಂಥದ್ದೇ ಹಳದಿ ಪೆನ್ನು ತೆಗೆದು ತೋರಿಸಿದ. "ಮಷೀನ್ ಬೇಡ ಅಂದ್ರೆ ಇದನ್ನಾದ್ರೂ ತರಿಸಿಕೊಳ್ಳಿ ಮೇಡಂ. ಇದು ಸುಳ್ಳು ಹೇಳಲ್ಲ."

ಅವತ್ತು ರಾತ್ರಿಯೇ ಆರ್ಡರ್ ಮಾಡಿದೆ.

ಬಂದ ಮಾರನೇ ದಿನ ಲ್ಯಾಬಿಗೆ ತಗೊಂಡು ಹೋದೆ. ಪೊಟ್ಯಾಸಿಯಂ ಕ್ಲೋರೈಡ್ 0.745 ಗ್ರಾಂ ತೂಗಿ ಒಂದು ಲೀಟರ್ ನೀರಿಗೆ ಕರಗಿಸಿದೆ. ಇಂಥ ಮೀಟರುಗಳನ್ನು ತಿದ್ದೋಕೆ ಎಲ್ಲ ಲ್ಯಾಬಿನಲ್ಲೂ ಬಳಸುವ ದ್ರಾವಣ ಇದು. 25 ಡಿಗ್ರಿಯಲ್ಲಿ ಇದರ ವಾಹಕತೆ ಸೆಂಟಿಮೀಟರಿಗೆ 1413 ಮೈಕ್ರೋಸೀಮನ್ಸ್. ಪೆನ್ನು ಅದನ್ನು ಅರ್ಧ ಮಾಡಿ 706 ಅಂತ ತೋರಿಸಬೇಕು. 694 ತೋರಿಸಿತು. ಎರಡು ಪರ್ಸೆಂಟಿಗಿಂತ ಕಡಿಮೆ ತಪ್ಪು. 249 ರೂಪಾಯಿಗೆ ಇದು ಅನ್ಯಾಯವಲ್ಲ, ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಆದರೆ ಲೆಕ್ಕ ಗಮನಿಸಿ. ನಾನು ಕರಗಿಸಿದ್ದು 745 ಮಿಲಿಗ್ರಾಂ. ಪೆನ್ನು ಸರಿಯಾಗಿದ್ದರೂ ಹೇಳುವುದು 706. ಯಾಕೆಂದರೆ ಅದು ತೂಗುವುದಿಲ್ಲ. ಎರಡು ಕಡ್ಡಿಗಳ ಮಧ್ಯೆ ಎಷ್ಟು ಸಲೀಸಾಗಿ ಕರೆಂಟ್ ಹೋಗುತ್ತೆ ಅಂತ ನೋಡಿ, ಅದನ್ನು ಒಂದು ಅಂದಾಜಿನ ಅಂಕಿಯಿಂದ ಗುಣಿಸಿ ಹೇಳುತ್ತೆ. ಅಡುಗೆ ಉಪ್ಪಿನ ನೀರಾದರೆ ಆ ಅಂಕಿ 0.5ರ ಹತ್ತಿರ. ನಮ್ಮ ಬೋರ್‌ವೆಲ್ ನೀರಿನಲ್ಲಿ ಇರೋದು ಬೇರೆ ಬೇರೆ ಲವಣ, ಅದಕ್ಕೆ 0.65 ಇರಬಹುದು. ಅಂದರೆ ಪೆನ್ನು 1,000 ಅಂದರೆ ನಿಜಕ್ಕೂ 1,300 ಇದ್ದರೂ ಇರಬಹುದು.

ಉಪ್ಪು ನೀರಿಗೆ ಬಿದ್ದರೆ ಅಯಾನು ಅನ್ನುವ ವಿದ್ಯುದಾವೇಶದ ಕಣಗಳಾಗಿ ತಾನಾಗಿಯೇ ಒಡೆಯುತ್ತೆ, ಕರೆಂಟ್ ಹೊರುವುದು ಅವೇ ಅನ್ನೋದೇ ಒಂದು ಕಾಲಕ್ಕೆ ಜಗಳದ ವಿಷಯವಾಗಿತ್ತು. ಸ್ವೀಡನ್ನಿನ ಅರ್ಹೇನಿಯಸ್ 1884ರಲ್ಲಿ ಇದರ ಮೇಲೆ ಪಿಎಚ್‌ಡಿ ಪ್ರಬಂಧ ಕೊಟ್ಟಾಗ ಅವನ ವಿಶ್ವವಿದ್ಯಾಲಯ ಕೆಳದರ್ಜೆ ಕೊಟ್ಟು ಕಳಿಸಿತು. 1903ರಲ್ಲಿ ನೊಬೆಲ್ ಬಂತು. ನೀರಿನಲ್ಲಿ ಪೂರ್ತಿಯಾಗಿ ಅಯಾನುಗಳಾಗಿ ಒಡೆಯುವ ಲವಣಗಳ ಬಗ್ಗೆ 1918ರಲ್ಲಿ ಸಿದ್ಧಾಂತ ಮಂಡಿಸಿದ ಜ್ಞಾನಚಂದ್ರ ಘೋಷ್ ಆಮೇಲೆ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೇ (ಈಗಿನ ಐಐಎಸ್‌ಸಿ) ನಿರ್ದೇಶಕರಾಗಿ ಬಂದು 1939ರಿಂದ 1948ರವರೆಗೆ ಇದ್ದರು. 1923ರಲ್ಲಿ ಡಿಬೈ ಮತ್ತು ಹ್ಯೂಕೆಲ್ ಬಂದು ಘೋಷರ ಸಿದ್ಧಾಂತವನ್ನು ಪಕ್ಕಕ್ಕೆ ಸರಿಸಿದರು, ಅದು ಬೇರೆ ಕಥೆ. ಇವರೆಲ್ಲ ತಲೆ ಕೆಡಿಸಿಕೊಂಡ ವಿಷಯ ಈಗ ಅಪಾರ್ಟ್‌ಮೆಂಟ್ ಆಂಟಿಯರ ಪರ್ಸಿನಲ್ಲಿದೆ. ನನಗಂತೂ ಇದು ಖುಷಿಯ ವಿಷಯ.

ಮನೆಯಲ್ಲಿ ಪೆನ್ನಿನ ಮೊದಲ ಪರೀಕ್ಷಕಿ ಅತ್ತೆ. ಕಾವೇರಿ ನೀರು 212. "ಅದನ್ನ ಕುದಿಸಿ ಆರಿಸಿದ್ದು ನೋಡು" ಅಂದರು. 206. ಅವರಿಗೆ ಸಿಟ್ಟು ಬಂತು. "ಇಪ್ಪತ್ತು ನಿಮಿಷ ಗ್ಯಾಸ್ ಸುಟ್ಟಿದ್ದೀನಿ, ಬರೀ ಆರು ಕಡಿಮೆಯಾ?" ಕುದಿಸಿದ್ದರಿಂದ ಸತ್ತದ್ದು ರೋಗಾಣು, ಅದರ ಲೆಕ್ಕ ಪೆನ್ನಿನಲ್ಲಿ ಇಲ್ಲವೇ ಇಲ್ಲ ಅಂದೆ. ನಂಬಲಿಲ್ಲ. ಆಗ ಒಂದು ಲೋಟ ನೀರಿಗೆ ಮೂರು ಚಮಚ ಸಕ್ಕರೆ ಹಾಕಿ ಕದಡಿ ಪೆನ್ನು ಅದ್ದಿದೆ. 212 ಇದ್ದದ್ದು 186ಕ್ಕೆ ಇಳಿಯಿತು! ಸಕ್ಕರೆ ಕರೆಂಟ್ ಒಯ್ಯುವುದಿಲ್ಲ. ಮೇಲಾಗಿ ನೀರನ್ನು ಸ್ವಲ್ಪ ಮಂದ ಮಾಡಿ ಉಳಿದ ಅಯಾನುಗಳ ಓಡಾಟಕ್ಕೂ ಅಡ್ಡ ಬರುತ್ತೆ. ಪೆನ್ನಿನ ಪ್ರಕಾರ ಪಾನಕ ನೀರಿಗಿಂತ ಶುದ್ಧ. ಅತ್ತೆ ಲೋಟ ಎತ್ತಿ ಕುಡಿದುಬಿಟ್ಟರು, ಸುಮ್ನೆ ಯಾಕೆ ವೇಸ್ಟ್ ಮಾಡೋದು ಅಂತ. ಅವರಿಗೆ ಶುಗರ್ ಇದೆ, ನಾನು ನೋಡುವಷ್ಟರಲ್ಲಿ ಲೋಟ ಖಾಲಿ.

ಈಗ ಪೆನ್ನಿನ ಜೊತೆ ಬರುವ ಬಣ್ಣದ ಚೀಟಿಯ ಬಗ್ಗೆ ಹೇಳಲೇಬೇಕು. ನನ್ನ ಮುಖ್ಯ ತಕರಾರು ಇದರ ಮೇಲೇ. ನೀಲಿಯಿಂದ ಕೆಂಪಿನವರೆಗೆ ಪಟ್ಟಿ. 0ರಿಂದ 50 ಅತ್ಯುತ್ತಮ, ಆಮೇಲೆ ಪರವಾಗಿಲ್ಲ, 500 ದಾಟಿದರೆ ಕೆಂಪು. ಎಳನೀರಿಗೆ ಅದ್ದಿ ನೋಡಿದೆ: 2,840. ಹಾಲು: 2,300. ಈ ಚೀಟಿ ನಂಬಿದರೆ ಬಾಣಂತಿಗೂ ಮಗುವಿಗೂ ಉಪ್ಪಿನ ಅಂಶವೇ ಇಲ್ಲದ ಬ್ಯಾಟರಿ ನೀರು ಕೊಡಬೇಕಾಗುತ್ತೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಹೇಳೋದೇ ಬೇರೆ. 500 ಮಿಲಿಗ್ರಾಂವರೆಗೆ ಸರಿ, ಬೇರೆ ನೀರು ಸಿಗದ ಕಡೆ 2,000ದವರೆಗೂ ನಡೆಯುತ್ತೆ ಅನ್ನುತ್ತೆ. 50ರ ಕೆಳಗೇ ಇರಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ. ಹಾಗಾದರೆ 50 ಎಲ್ಲಿಂದ ಬಂತು? ಅಷ್ಟು ಕೆಳಗಿನ ಅಂಕಿ ಆರ್‌ಒ ಇಲ್ಲದೆ ಸುಲಭವಾಗಿ ಬರಲ್ಲ, ಅಲ್ವಾ? ಉಳಿದದ್ದನ್ನು ನೀವೇ ಯೋಚಿಸಿ.

ನಮ್ಮ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಈ ಪೆನ್ನು ದೊಡ್ಡ ರಾಜಕೀಯವನ್ನೇ ಮಾಡಿದೆ. 2024ರ ಬೇಸಿಗೆ ನೆನಪಿದೆಯಲ್ಲ. ಬೋರ್‌ವೆಲ್ ಬತ್ತಿ, ಟ್ಯಾಂಕರ್ ದರ ಗಗನಕ್ಕೇರಿ, ಕೊನೆಗೆ 6,000 ಲೀಟರಿಗೆ 5 ಕಿಲೋಮೀಟರ್ ಒಳಗಾದರೆ 600 ರೂಪಾಯಿ ಅಂತ ಸರ್ಕಾರವೇ ದರ ಕಟ್ಟಬೇಕಾಯಿತು. ಆಗ ಶುರುವಾದ ಚಾಳಿ ಇದು. ಟ್ಯಾಂಕರ್ ಬಂದ ತಕ್ಷಣ ನಾಲ್ಕು ಜನ ನಾಲ್ಕು ಪೆನ್ನು ಹಿಡಿದು ಇಳಿಯುತ್ತಾರೆ. ಫೋಟೋ, ಅಂಕಿ, ಜಗಳ. ಅಂಕಿ 640 ಇದ್ದರೆ ಡ್ರೈವರಿಗೆ ಬೈಗುಳ, 310 ಇದ್ದರೆ ಚಪ್ಪಾಳೆ. ಆ 310ರ ಟ್ಯಾಂಕರಿನ ಒಳಗೋಡೆ ಎಷ್ಟು ತಿಂಗಳಿಂದ ತೊಳೆದಿಲ್ಲ ಅಂತ ಒಬ್ಬರೂ ಕೇಳಲಿಲ್ಲ. ಕಾವೇರಿ ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪ್ ಆಗಿ ಬರುತ್ತಾಳೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆ ಅಂತಲೇ 4.75 ಟಿಎಂಸಿ ಜಾಸ್ತಿ ಸಿಕ್ಕಿತು. ಅಷ್ಟು ಕಷ್ಟಪಟ್ಟು ತಂದ 212ರ ನೀರನ್ನು ಮನೆಯ ಆರ್‌ಒಗೆ ಹಾಕಿ, ಒಂದು ಬಿಂದಿಗೆಗೆ ಎರಡು ಮೂರು ಬಿಂದಿಗೆ ಚರಂಡಿಗೆ ಬಿಟ್ಟು, 30ಕ್ಕೆ ಇಳಿಸಿ, ಆಮೇಲೆ ರುಚಿಗೆ ಅಂತ ಖನಿಜದ ಕಾರ್ಟ್ರಿಜ್ ಹಾಕಿಸಿಕೊಳ್ಳುತ್ತೇವೆ. ಪಕ್ಕದ ಬ್ಲಾಕಿನ ಒಬ್ಬ ಹಿರಿಯರು ಆ ಬಿಟ್ಟ ನೀರನ್ನು ಬಕೆಟಿನಲ್ಲಿ ಹಿಡಿದು ನೆಲ ಒರೆಸೋಕೆ ಕೊಡುತ್ತಾರೆ. ಅವರೊಬ್ಬರ ಮೇಲೆ ನನಗೆ ಗೌರವ.

2019ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದನ್ನೇ ಹೇಳಿತು. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಸೋದನ್ನು ನಿಷೇಧಿಸಿ ಅಂತ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಆಗ ನಾನು ಕ್ಯಾಂಟೀನಿನಲ್ಲಿ ಜೋರಾಗಿ ಅದರ ಪರ ವಾದ ಮಾಡಿದ್ದೆ. ಈಗ ಅಷ್ಟು ಜೋರಾಗಿ ಮಾಡಲ್ಲ. ಕಾರಣ ಊರು.

ನಮ್ಮೂರು ಕೋಲಾರದ ಕಡೆ. ವರ್ಷವಿಡೀ ಹರಿಯುವ ನದಿ ಅನ್ನೋದೇ ಇಲ್ಲದ ಸೀಮೆ, ಕೆರೆಗಳೇ ಎಲ್ಲ. ಚಿಕ್ಕಪ್ಪ ಅಲ್ಲೇ ರೇಷ್ಮೆ, ಟೊಮೆಟೊ ಅಂತ ಇದ್ದಾರೆ. ಯುಗಾದಿಗೆ ಹೋದಾಗ ಪೆನ್ನು ಬ್ಯಾಗಿನಲ್ಲಿತ್ತು. ನೋಡಿದರೆ ನೀರಗಂಟಿಯ ಹತ್ತಿರವೂ ಒಂದಿದೆ! ಅವನು ಊರ ಹಳೇ ಬೋರ್‌ವೆಲ್ ನೀರು 142, ನಿಮ್ಮ ಬೆಂಗಳೂರು ಕಾವೇರಿಗಿಂತ ಚೆನ್ನಾಗಿದೆ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದ. ನಾನು ಅದ್ದಿದೆ. ನನ್ನದೂ 142. ಆದರೆ ಪರದೆಯ ಮೂಲೆಯಲ್ಲಿ ಇರುವೆಯಷ್ಟು ಚಿಕ್ಕದಾಗಿ ×10 ಅಂತ ಮಿನುಗುತ್ತಿತ್ತು. ಪರದೆಯಲ್ಲಿ ಮೂರೇ ಅಂಕಿಗೆ ಜಾಗ ಇರೋದು, 999 ದಾಟಿದರೆ ಹತ್ತರಿಂದ ಗುಣಿಸಿಕೊಳ್ಳಬೇಕು. ಅಂದರೆ 1,420. ಕೊಳ್ಳುವವರು ದಯವಿಟ್ಟು ಇದನ್ನು ಗಮನಿಸಿ, ಡಬ್ಬಿಯ ಮೇಲೆ ಎಲ್ಲೂ ಬರೆದಿಲ್ಲ. ತಮಾಷೆ ಏನೆಂದರೆ ಆ ನೀರು ಬಾಯಿಗಿಟ್ಟರೆ ಉಪ್ಪುಪ್ಪು. ನಾಲಿಗೆಗೆ ಎಲ್ಲರಿಗೂ ಗೊತ್ತಿತ್ತು. ಪೆನ್ನು ನೋಡಿದ ಮೇಲೆ ನಾಲಿಗೆಯನ್ನೇ ಅನುಮಾನಿಸಿದ್ದರು.

ಮಧ್ಯಾಹ್ನ ಚಿಕ್ಕಪ್ಪ ಕೆರೆ ಏರಿಗೆ ಕರೆದುಕೊಂಡು ಹೋದರು. ಕೆರೆ ತುಂಬಿತ್ತು. ನಾನು ಚಿಕ್ಕವಳಿದ್ದಾಗ ಆ ಕೆರೆಯಲ್ಲಿ ಕ್ರಿಕೆಟ್ ಆಡುತ್ತಿದ್ದರು. ಈಗಿನ ನೀರು ಕೆ.ಸಿ. ವ್ಯಾಲಿಯದು. ಅಂದರೆ ಬೆಂಗಳೂರಿನ ಒಳಚರಂಡಿ ನೀರನ್ನು ಎರಡು ಹಂತ ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿರೋದು. ಕುಡಿಯೋಕೆ ಅಲ್ಲ, ಅಂತರ್ಜಲ ಮರುಪೂರಣಕ್ಕೆ. ಶುರುವಿನಲ್ಲೇ ನೊರೆ ಬಂತು ಅಂತ ಗಲಾಟೆಯಾಗಿ ಕೋರ್ಟಿಗೂ ಹೋಯಿತು. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಈಗಲೂ ಕೂಗು ಇದೆ. ಅದೇ ಸಮಯಕ್ಕೆ, ಬತ್ತಿದ್ದ ಬಾವಿಯಲ್ಲಿ ನೀರು ಬಂತು ಅಂತ ಗಂಗಮ್ಮನಿಗೆ ಪೂಜೆ ಮಾಡಿದವರೂ ಇದೇ ಊರಿನವರು. ನಾನು ಉಪಯೋಗಿಸಿ ಬಿಟ್ಟ ನೀರಿಗೆ ಚಿಕ್ಕಪ್ಪ ಅರಿಶಿನ ಕುಂಕುಮ ಹಾಕಿ ಕೈಮುಗಿದಿದ್ದಾರೆ. ಇದನ್ನು ಹೇಗೆ ನೋಡಬೇಕು ಅಂತ ನನಗೆ ಈಗಲೂ ತಿಳಿಯದು.

"ಅಮ್ಮಣ್ಣಿ, ನಿನ್ನ ಪೆನ್ನು ಹಾಕಿ ನೋಡು. ಒಳ್ಳೇ ನೀರಾ ಅಲ್ವಾ ಹೇಳು."

ಅದ್ದಿದೆ. 610. ಸುತ್ತ ಐದಾರು ಜನ. ಎಲ್ಲರ ಕಣ್ಣು ನನ್ನ ಬಾಯಿ ಮೇಲೆ. ಬೆಂಗಳೂರಿನಲ್ಲಿ ವಿಜ್ಞಾನಿ ಆಗಿರುವ ಹೆಣ್ಣುಮಗಳು ಹೇಳ್ತಾಳೆ ಅಂತ ಕಾಯುತ್ತಿದ್ದಾರೆ. ಉಪ್ಪು ಪರವಾಗಿಲ್ಲ, ಟೊಮೆಟೊಗೆ ತೊಂದರೆ ಇಲ್ಲ, ಮಿಕ್ಕಿದ್ದು ಈ ಪೆನ್ನಿಗೆ ಕಾಣಲ್ಲ ಅಂದೆ. ಮಿಕ್ಕಿದ್ದು ಅಂದರೆ? ಸೋಪಿನಪುಡಿ, ಔಷಧಿ, ಕ್ರಿಮಿ, ಭಾರಲೋಹ. ಅದಕ್ಕೆಲ್ಲ ಬೇರೆ ಬೇರೆ ಪರೀಕ್ಷೆ, ಒಂದೊಂದಕ್ಕೂ ದುಡ್ಡು, ಟೈಮು. ಒಬ್ಬರು, "ಹಂಗಂದ್ರೆ ಚೆನ್ನಾಗಿದೆ ಅಂತ" ಅಂದರು. ಪಕ್ಕದವರು, "ಹಂಗಂದ್ರೆ ಕೆಟ್ಟದಿದೆ ಅಂತ" ಅಂದರು. ಇಬ್ಬರೂ ಬೇರೆ ಬೇರೆ ಪಾರ್ಟಿ ಅಂತ ಆಮೇಲೆ ಗೊತ್ತಾಯಿತು.

ನನ್ನ ಅಜ್ಜಿಗೆ ಇಂಥ ಪೆನ್ನು ಬೇಕಿರಲಿಲ್ಲ. ಅವರ ಮೀಟರ್ ತೊಗರಿಬೇಳೆ. ಯಾವ ಬಾವಿ ನೀರಿನಲ್ಲಿ ಬೇಳೆ ಬೇಗ ಬೇಯುತ್ತೋ ಅದು ಸಿಹಿನೀರು. ಬೇಯದಿದ್ದರೆ ಗಡಸು. ಇದು ಸರಿಯಾದ ರಸಾಯನಶಾಸ್ತ್ರವೇ. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯೊಳಗಿನ ಪೆಕ್ಟಿನ್ನನ್ನು ಬಿಗಿ ಹಿಡಿದುಕೊಳ್ಳುತ್ತೆ, ಮೂರು ಸೀಟಿ ಹೊಡೆದರೂ ಬೇಳೆ ಕಲ್ಲಿನ ಹಾಗೇ ಉಳಿಯುತ್ತೆ. ಚಿಕ್ಕಮ್ಮ ಈಗಲೂ ಅದನ್ನೇ ನಂಬುತ್ತಾರೆ. "ಹೊಸ ಬೋರಿನ ನೀರು ಬೆಣ್ಣೆ ಇದ್ದಂಗೆ. ಒಂದೇ ಸೀಟಿಗೆ ಬೇಳೆ ಕರಗಿಹೋಗುತ್ತೆ." 1,200 ಅಡಿಯ ಬೋರ್‌ವೆಲ್ ಅದು. ಪೆನ್ನು 480 ಅಂತು. ಬಣ್ಣದ ಚೀಟಿ, ಚಿಕ್ಕಮ್ಮನ ಬೇಳೆ, 500ರ ಗೆರೆ, ಮೂರೂ ಪಾಸ್ ಮಾಡಿದ ನೀರು.

ಏನೋ ಅನುಮಾನ ಬಂದು ಒಂದು ಬಾಟಲಿ ಲ್ಯಾಬಿಗೆ ತಂದೆ. ಫ್ಲೋರೈಡ್ 2.4 ಮಿಲಿಗ್ರಾಂ. ಮಾನದಂಡದಲ್ಲಿ 1, ತೀರಾ ಬೇರೆ ದಾರಿ ಇಲ್ಲದಿದ್ದರೆ 1.5.

ನಮ್ಮ ಕಡೆಯ ಬಂಡೆಯಲ್ಲೇ ಫ್ಲೋರೈಡ್ ಇದೆ. ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಅದು ಫ್ಲೋರೈಡನ್ನು ಹಿಡಿದು ಕೂರಿಸುತ್ತೆ, ನೀರಿಗೆ ಜಾಸ್ತಿ ಬಿಡಲ್ಲ. ಕ್ಯಾಲ್ಸಿಯಂ ಕಡಿಮೆ ಆದಷ್ಟೂ ಫ್ಲೋರೈಡ್ ಆರಾಮಾಗಿ ಕರಗುತ್ತೆ. ಅಂದರೆ ಬೇಳೆ ಬೆಣ್ಣೆಯ ಹಾಗೆ ಬೇಯುವ ಮೆದು ನೀರೇ ಮಕ್ಕಳ ಹಲ್ಲು ಕಂದು ಮಾಡುವ ನೀರೂ ಆಗಿರಬಹುದು. ಅಜ್ಜಿ ಕಾಲದ ಮೂವತ್ತು ಅಡಿ ಬಾವಿಗೆ ಬೇಳೆಯ ಪರೀಕ್ಷೆ ಸಾಕಿತ್ತು. 1,200 ಅಡಿ ಆಳದ ನೀರು ಅಜ್ಜಿ ಕಂಡಿದ್ದೇ ಅಲ್ಲ. 2.4 ಮಿಲಿಗ್ರಾಂ ಫ್ಲೋರೈಡ್ ಪೆನ್ನಿನ 480ರಲ್ಲಿ ಎಲ್ಲಿ ಅಡಗಿ ಕೂತಿದೆ ಅಂತ ಅದಕ್ಕೂ ಕಾಣಲ್ಲ. ಬರೀ 500ರ ಗೆರೆ ಹಿಡಿದು ಆರ್‌ಒ ಬೇಡ ಅಂದರೆ ಚಿಕ್ಕಪ್ಪನ ಮನೆಗೂ ಆರ್‌ಒ ಬೇಡ ಅಂತಾಗುತ್ತೆ, ನಿಜಕ್ಕೂ ಆರ್‌ಒ ಬೇಕಾಗಿರುವ ಮನೆಯೇ ಅದು. ಕ್ಯಾಂಟೀನಿನಲ್ಲಿ ನನ್ನ ದನಿ ಇಳಿದದ್ದು ಇದಕ್ಕೇ.

ಫೋನಿನಲ್ಲಿ ಹೇಳಿದಾಗ ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾದ್ರೆ ಈ ಪೆನ್ನು ಯಾತಕ್ಕಮ್ಮಣ್ಣಿ?"

ಒಳ್ಳೆಯ ಪ್ರಶ್ನೆ. ಎರಡು ದಿನ ಯೋಚಿಸಿದೆ. ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದೆ. 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತೆ. ಅದರೊಳಗೆ ಇರೋದು ಆರ್‌ಒ ಪೊರೆ, ಭಾರತದಲ್ಲಿ ಹುಟ್ಟಿದ ಸೌರಿರಾಜನ್ ಮತ್ತು ಸಿಡ್ನಿ ಲೋಬ್ ಕ್ಯಾಲಿಫೋರ್ನಿಯಾದಲ್ಲಿ ಕಂಡುಹಿಡಿದ ದಾರಿಯ ಮೊಮ್ಮಗು. ಉಪ್ಪನ್ನು ತಡೆಯುವ ಪೊರೆಯೇ ಫ್ಲೋರೈಡನ್ನೂ ತಡೆಯುತ್ತೆ. ಪೊರೆ ಹರಿದರೆ, ಹಳತಾದರೆ ಎರಡೂ ನುಗ್ಗುತ್ತವೆ. ನುಗ್ಗಿದ ಫ್ಲೋರೈಡ್ ಪೆನ್ನಿಗೆ ಕಾಣಲ್ಲ, ಆದರೆ ಜೊತೆಗೆ ನುಗ್ಗಿದ ಉಪ್ಪು ಕಾಣುತ್ತೆ. ಒಳಗೆ ಹೋಗುವ ನೀರು 480, ಹೊರಗೆ ಬರುವುದು 40 ಇದ್ದರೆ ಪೊರೆ ಚೆನ್ನಾಗಿದೆ. ವಾರ ವಾರ ಏರುತ್ತಾ ಹೋದರೆ ಪೊರೆ ಹೋಯಿತು ಅಂತ ಲೆಕ್ಕ. ಈ ಕೆಲಸಕ್ಕೆ 249 ರೂಪಾಯಿಯ ಪೆನ್ನಿಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಕುಡಿಯಲು ಯೋಗ್ಯವೋ ಅಂತ ಒಂದು ಸಲ ಜಿಲ್ಲೆಯ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ, ಆಮೇಲೆ ಏನಾದರೂ ಬದಲಾಯಿತಾ ಅಂತ ಪೆನ್ನಿನಲ್ಲಿ ನೋಡಿ.

ಉಳಿದ ಸಣ್ಣಪುಟ್ಟ ವಿಷಯ. ಎರಡು ಗುಂಡಿ ಸೆಲ್ ಹಾಕಿದರೆ ಎಂಟು ತಿಂಗಳು ಬಂತು. ಮುಚ್ಚಳ ಸಡಿಲ, ಬ್ಯಾಗಿನಲ್ಲಿ ಕಳಚಿಕೊಳ್ಳುತ್ತೆ. ಬಿಸಿ ನೀರಿಗೆ ಅದ್ದಬೇಡಿ, ಅಂಕಿ ಎಲ್ಲೋ ಹೋಗುತ್ತೆ. ಹಾಲಿಗೆ ಅದ್ದಿದ ಮೇಲೆ ಕಡ್ಡಿ ತೊಳೆಯದಿದ್ದರೆ ನಾಳೆ ಕಾವೇರಿಯೂ 400 ತೋರಿಸುತ್ತಾಳೆ. ಪೆನ್ನಿಗೆ ಐದಕ್ಕೆ ನಾಲ್ಕು ಸ್ಟಾರ್, ×10ರ ಅಕ್ಷರ ದಪ್ಪ ಮಾಡಿದ್ದರೆ ಐದೂ ಕೊಡುತ್ತಿದ್ದೆ. ಬಣ್ಣದ ಚೀಟಿಗೆ ಸೊನ್ನೆ.

ಆ ಪೆನ್ನು ಈಗ ಊರಿನಲ್ಲಿದೆ. ಮುಂದಿನ ಸಲ ಹೋದಾಗ ಬಿಟ್ಟು ಬಂದೆ. ಚಿಕ್ಕಪ್ಪ ಪ್ರತಿ ಭಾನುವಾರ ಘಟಕದ ನೀರು ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದುಕೊಂಡು ನನಗೆ ಫೋನ್ ಮಾಡುತ್ತಾರೆ. 38, 41, 40, 67. ಕಳೆದ ವಾರ, "112 ಅಮ್ಮಣ್ಣಿ. ×10 ಇಲ್ಲ, ಕನ್ನಡಕ ಹಾಕ್ಕೊಂಡು ನೋಡಿದ್ದೀನಿ. ಪಂಚಾಯ್ತಿಗೆ ಹೋಗಿ ಪಿಡಿಒ ಸಾಹೇಬ್ರಿಗೆ ಕ್ಯಾಲೆಂಡರೇ ತೋರಿಸ್ತೀನಿ" ಅಂದರು.

ನಾನು ಇನ್ನೊಂದು ತರಿಸಿದೆ. ಈಗ 279 ಆಗಿದೆ. ಜೊತೆಗೆ ಅದೇ ಬಣ್ಣದ ಚೀಟಿ ಬಂತು. ಅತ್ತೆ ಅದರ ಹಿಂದೆ ಹಾಲಿನ ಲೆಕ್ಕ ಬರೆಯುತ್ತಿದ್ದಾರೆ.